ಬಿಟ್ಟ ಮೀನಿನ ಬೆಲೆ

ಹವ್ಯಾಸಕ್ಕೆಂದು ಗಾಳ ಹಾಕುವವರು ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 19 ಸಾವಿರ ಕೋಟಿ ಡಾಲರ್ ಖರ್ಚು ಮಾಡುತ್ತಾರೆ. ಅದರದೊಂದು ಸಣ್ಣ ಕವಲು ನಮ್ಮ ಕಾವೇರಿಗೂ ಹರಿದಿತ್ತು. ಸಿಡಿಮದ್ದು ಹಾಕುತ್ತಿದ್ದ ಕೈಗಳಿಗೆ ಕಾವಲಿನ ಕೆಲಸ ಕೊಟ್ಟಿತ್ತು, ನದಿಯೊಳಗಿನ ಬದುಕನ್ನು ಪುಸ್ತಕದಲ್ಲಿ ಬರೆಸಿತ್ತು. ಆ ಹಣ ನಿಂತಿತು. ಈಗ ಮೀನಿನ ಲೆಕ್ಕ ಇಡುವವರು ಯಾರು?

ಡಿಸೆಂಬರಿನ ನಸುಕು. ಕಾವೇರಿಯಂಚಿನ ಗಾಲಿಬೋರೆಯ ಮರಳ ದಂಡೆಯಲ್ಲಿ ಕಲ್ಲಿನ ಒಲೆ ಹೊತ್ತಿದೆ. ಪಾತ್ರೆಯಲ್ಲಿ ರಾಗಿ ಉಂಡೆಗಳು ಬೇಯುತ್ತಿವೆ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೇಯಿಸಿ, ಬಿಸಿ ಆರುವ ಮುಂಚೆ ಮತ್ತೆ ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಬೇಕು. ಮೆತ್ತಗಾದರೆ ಸಣ್ಣ ಮೀನುಗಳು ಕಿತ್ತು ತಿಂದು ಮುಗಿಸುತ್ತವೆ. ತೀರಾ ಗಟ್ಟಿಯಾದರೆ ದೊಡ್ಡ ಮೀನು ಕಚ್ಚಿದರೂ ಗಾಳದ ಮೊನೆ ನಾಟುವುದಿಲ್ಲ. ಆ ಹದ ಗೊತ್ತಿರುವುದು ಇದೇ ದಂಡೆಯಲ್ಲಿ ಬೆಳೆದ ಗಿಲ್ಲಿಗೆ. ಗಾಳಗಾರನ ಜೊತೆ ಹೋಗುವ ಸ್ಥಳೀಯನನ್ನು ಇಲ್ಲಿ ಕರೆಯುವುದು ಹಾಗೆಯೇ.

ಹರಿಗೋಲು ಬಂಡೆಗಳ ನಡುವಿನ ಮಡುವಿನತ್ತ ಸಾಗುತ್ತದೆ. ಗಾಳದ ದಾರಕ್ಕೆ ಸೀಸದ ತಂತಿಯನ್ನು ಸುರುಳಿಯಾಗಿ ಸುತ್ತಿದ್ದಾರೆ. ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಸೀಸ ಬಿಚ್ಚಿಕೊಂಡು ದಾರ ಉಳಿಯಲಿ ಎಂಬ ಉಪಾಯ ಅದು. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಗೇ ಕೋಲು ಬಾಗಿ, ರೀಲು ಕಿರುಚುತ್ತಾ ದಾರ ಹೊಳೆಯ ಇಳಿವಿನತ್ತ ಓಡತೊಡಗುತ್ತದೆ. ಹರಿಗೋಲೂ ಹಿಂದೆಯೇ ಓಡಬೇಕು.

ದಣಿದು ದಡಕ್ಕೆ ಬಂದ ಮಹಶೀರ್ ಮೀನಿನ ಮೈತುಂಬ ಅಂಗೈಯಗಲದ ಚಿಪ್ಪು. ತೂಕ ನೋಡಿ, ಚಿತ್ರ ತೆಗೆದು, ಮತ್ತೆ ನೀರಿಗಿಳಿಸಿ ಹರಿವಿಗೆ ಮುಖ ಮಾಡಿಸಿ ಹಿಡಿದು ನಿಲ್ಲುತ್ತಾರೆ. ಕಿವಿರು ಸರಾಗವಾಗಿ ಆಡತೊಡಗಿದ ಮೇಲೆ ಕೈ ಬಿಡುತ್ತಾರೆ.

2012ರವರೆಗೂ ಚಳಿಗಾಲ ಬಂತೆಂದರೆ ಕಾವೇರಿಯ ಈ ಭಾಗದಲ್ಲಿ ಕಾಣುತ್ತಿದ್ದ ನೋಟ ಇದು. ದೂರದೇಶದಿಂದ ಬಂದ ಗಾಳಗಾರ ವಿಮಾನಕ್ಕೆ, ಕಾರಿಗೆ, ಕೋಣೆಗೆ, ಹರಿಗೋಲಿಗೆ, ಗಿಲ್ಲಿಗೆ, ಪರವಾನಗಿಗೆ ಹಣ ಕೊಟ್ಟಿರುತ್ತಿದ್ದ. ಅಷ್ಟು ಹಣಕ್ಕೆ ಒಂದು ತುಂಡು ಮೀನೂ ಅವನ ತಟ್ಟೆಗೆ ಬರುತ್ತಿರಲಿಲ್ಲ.

ನವೆಂಬರ್ 21 ವಿಶ್ವ ಮೀನುಗಾರಿಕೆ ದಿನ. ಬಲೆ, ದೋಣಿ, ರಫ್ತಿನ ಅಂಕಿಅಂಶಗಳೆಲ್ಲ ಅಂದು ಭಾಷಣಗಳಲ್ಲಿ ಬರುತ್ತವೆ. ಗಾಳದ ಲೆಕ್ಕ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದು ಸಣ್ಣ ಲೆಕ್ಕವೇನಲ್ಲ.

ಜೇಬಿನಿಂದ ಹೊಳೆಗೆ

ವಿಶ್ವಬ್ಯಾಂಕ್ 2012ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 22 ಕೋಟಿ ಜನ ಹವ್ಯಾಸಕ್ಕಾಗಿ ಮೀನು ಹಿಡಿಯುತ್ತಾರೆ. ಅವರ ವಾರ್ಷಿಕ ಖರ್ಚು 19 ಸಾವಿರ ಕೋಟಿ ಡಾಲರ್.

ಈ ಖರ್ಚಿನ ಒಳಹೊರಗನ್ನು ಚೆನ್ನಾಗಿ ಅಳೆದಿರುವ ದೇಶ ಅಮೆರಿಕ. ಅಲ್ಲಿನ ಸರ್ಕಾರ ದಶಕಗಳಿಂದ ಗಾಳಗಾರರ ಜೇಬಿನ ಸಮೀಕ್ಷೆ ನಡೆಸುತ್ತಾ ಬಂದಿದೆ. 2016ರಲ್ಲಿ 3.58 ಕೋಟಿ ಅಮೆರಿಕನ್ನರು ಗಾಳ ಹಾಕಿದರು, 4,610 ಕೋಟಿ ಡಾಲರ್ ಖರ್ಚು ಮಾಡಿದರು. ಅದರಲ್ಲಿ 2,170 ಕೋಟಿ ಪ್ರಯಾಣ, ಊಟ, ವಸತಿ, ದೋಣಿ ಬಾಡಿಗೆಯಂಥ ಪ್ರವಾಸದ ಖರ್ಚು. ಹೆಚ್ಚೂಕಡಿಮೆ ಅಷ್ಟೇ ಮೊತ್ತ, ಅಂದರೆ 2,110 ಕೋಟಿ, ಕೋಲು, ರೀಲಿನಿಂದ ಹಿಡಿದು ದೋಣಿ, ಟೆಂಟಿನವರೆಗಿನ ಸಲಕರಣೆಗೆ ಹೋಯಿತು. ಉಳಿದದ್ದು ಪರವಾನಗಿ, ಪತ್ರಿಕೆ, ಸಂಘದ ಚಂದಾ ಇತ್ಯಾದಿ.

ಇಲ್ಲೊಂದು ಮುಖ್ಯ ವಿಷಯವಿದೆ. ಸಲಕರಣೆಯ ಹಣ ಹೊಳೆಯನ್ನು ನೋಡುವುದೇ ಇಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಜಪಾನಿನ ರೀಲಿನ ಬೆಲೆಯಲ್ಲಿ ಅಂಗಡಿಗೆ, ಆಮದುದಾರನಿಗೆ, ತಯಾರಕನಿಗೆ ಪಾಲು ಉಂಟು. ಕಾವೇರಿ ದಡದ ಮುತ್ತತ್ತಿಯ ಅಂಬಿಗನಿಗೆ ಇಲ್ಲ. ದಡದ ಊರಿಗೆ ದಕ್ಕುವುದು ಪ್ರವಾಸದ ಹಣ: ಊಟ, ಹಾಸಿಗೆ, ಹರಿಗೋಲು, ಗಿಲ್ಲಿಯ ಕೂಲಿ. ಅದರಲ್ಲೂ ಪ್ಯಾಕೇಜ್ ಮಾರಿದ ಕಂಪನಿ ನಗರದಲ್ಲೇ ಇದ್ದರೆ ದೊಡ್ಡ ಪಾಲು ಅಲ್ಲಿಯೇ ಉಳಿಯುತ್ತದೆ.

ಗಾಳಗಾರನ ಖರ್ಚಿನ ರೀತಿಯೇ ಬೇರೆ. ಸಾಮಾನ್ಯ ಪ್ರವಾಸಿ ಒಂದು ದಿನ ಬಂದು, ಫೋಟೊ ತೆಗೆಸಿಕೊಂಡು, ಮುಂದಿನ ಜಾಗಕ್ಕೆ ಹೋಗುತ್ತಾನೆ. ಗಾಳಗಾರ ಒಂದೇ ಮಡುವಿನ ಮುಂದೆ ವಾರ ಕೂರುತ್ತಾನೆ. ಮುಂದಿನ ವರ್ಷ ಅದೇ ಮಡುವಿಗೆ, ಸಾಧ್ಯವಾದರೆ ಅದೇ ಗಿಲ್ಲಿಯ ಬಳಿಗೆ ಬರುತ್ತಾನೆ. ಅವನಿಗೆ ಬೇಕಾದದ್ದು ಈಜುಕೊಳವಲ್ಲ, ಸ್ಥಳೀಯನ ತಿಳಿವಳಿಕೆ: ಯಾವ ಬಂಡೆಯ ಮರೆಯಲ್ಲಿ ಮೀನು ನಿಲ್ಲುತ್ತದೆ, ನೀರು ಎಷ್ಟು ತಿಳಿಯಾದರೆ ಕಚ್ಚುತ್ತದೆ, ಮೋಡ ಮುಸುಕಿದ ದಿನ ಎಲ್ಲಿ ಹಾಕಬೇಕು. ಶಾಲೆ ಕಲಿಯದ ನದಿಯಂಚಿನ ಮನುಷ್ಯನ ವಿದ್ಯೆಗೆ ಇಷ್ಟು ಕೂಲಿ ಕೊಡುವ ಪ್ರವಾಸೋದ್ಯಮ ಇನ್ನೊಂದನ್ನು ಹುಡುಕುವುದು ಕಷ್ಟ.

> ಗಾಳದ ಲೆಕ್ಕ
>
> ● ಜಗತ್ತಿನ ಹವ್ಯಾಸಿ ಗಾಳಗಾರರು: ಸುಮಾರು 22 ಕೋಟಿ
>
> ● ಅಮೆರಿಕದ ಗಾಳಗಾರರು, 2022: 3.99 ಕೋಟಿ, ಖರ್ಚು 9,940 ಕೋಟಿ ಡಾಲರ್. ಸಮೀಕ್ಷೆಯ ವಿಧಾನ ಬದಲಾದ ಕಾರಣ 2016ರ ಅಂಕಿಯೊಂದಿಗೆ ನೇರ ಹೋಲಿಕೆ ಸಲ್ಲದು
>
> ● ಗಾಲಿಬೋರೆ ಶಿಬಿರ, 1998–2012: 23,620 ಗಂಟೆ ಗಾಳ, 6,161 ಮಹಶೀರ್. ಸರಾಸರಿ ಸುಮಾರು ನಾಲ್ಕು ಗಂಟೆಗೆ ಒಂದು ಮೀನು
>
> ● ಆ ಅವಧಿಯ ಅತಿ ಭಾರದ ಮೀನು: 104 ಪೌಂಡ್, ಅಂದರೆ ಸುಮಾರು 47 ಕೆ.ಜಿ.

ಮಂಗಳೂರಿನಿಂದ ಶುರುವಾದ ಕಥೆ

ಭಾರತದ ಗಾಳಗಾರಿಕೆಯ ಮೊದಲ ದೊಡ್ಡ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ ಅಚ್ಚಾದದ್ದು 1873ರಲ್ಲಿ, ಮಂಗಳೂರಿನಲ್ಲಿ. ಬರೆದ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಕರಾವಳಿಯ ಹೊಳೆಗಳಲ್ಲಿ ವಿಷ ಬೆರೆಸಿ, ಮರಿಮೀನುಗಳನ್ನೂ ಬಿಡದೆ ಬಳಿದು ಹಿಡಿಯುವುದನ್ನು ಕಂಡು ಅದರ ವಿರುದ್ಧ ದನಿಯೆತ್ತಿದವರು. ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು ಅಪರಾಧವೆಂದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ.

ಆ ಕಾಲದ ಸಾಹೇಬರಿಗೆ ಮಹಶೀರ್ ಎಂದರೆ ನೀರಿನ ಹುಲಿ. ಹುಲಿಯನ್ನು ಕೊಂದಂತೆಯೇ ಅದನ್ನೂ ಕೊಂದು ಗೋಡೆಗೆ ತೂಗುಹಾಕಿದರು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬಾತ ಕಾವೇರಿಯಲ್ಲಿ 119 ಪೌಂಡಿನ ಮೀನು ಹಿಡಿದ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದು, ಅಂದರೆ 54 ಕೆ.ಜಿ.ಯಷ್ಟು ತೂಗುವ ಮೀನು ಹಿಡಿದರು. ಸತ್ತ ಪ್ರಾಣಿಗಳ ಚರ್ಮ ಹದಗೊಳಿಸಿ ಜೀವಂತ ಕಾಣುವಂತೆ ನಿಲ್ಲಿಸುವ ಕಲೆಗೆ ಜಗತ್ಪ್ರಸಿದ್ಧವಾಗಿದ್ದ ಮನೆತನ ಅವರದು. ಆ ದಾಖಲೆ ಇಂದಿಗೂ ಗಾಳಗಾರರ ಬಾಯಲ್ಲಿದೆ.

ಸ್ವಾತಂತ್ರ್ಯದ ನಂತರ ಹೊರಗಿನ ಗಾಳಗಾರರು ಈ ನದಿಯನ್ನು ಮರೆತರು. ಅಣೆಕಟ್ಟು, ಸಿಡಿಮದ್ದಿನ ನಡುವೆ ದೊಡ್ಡ ಮೀನು ಉಳಿದಿರಲಾರದು ಎಂದೇ ಭಾವಿಸಿದ್ದರು. 1970ರ ದಶಕದ ಕೊನೆಯಲ್ಲಿ ಮೂವರು ಬ್ರಿಟಿಷ್ ಯುವಕರು ದೇಶದ ನದಿಗಳನ್ನೆಲ್ಲ ಜಾಲಾಡಿ ಕೊನೆಗೆ ಕಾವೇರಿಗೆ ಬಂದಾಗ ಭಾರಿ ಮಹಶೀರ್‌ಗಳು ಸಿಕ್ಕವು. ಸುದ್ದಿ ಹರಡಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ತಲೆಯೆತ್ತಿದವು. ಹಿಡಿದ ಮೀನನ್ನು ಬಿಡಲೇಬೇಕೆಂಬ ನಿಯಮ ಬಂತು. ದಕ್ಷಿಣ ಭಾರತ ವನ್ಯಜೀವಿ ಸಂಘ, ಕೊಡಗು ವನ್ಯಜೀವಿ ಸಂಘಗಳು ನದಿಯ ಕೆಲವು ಭಾಗಗಳನ್ನು ಗುತ್ತಿಗೆ ಹಿಡಿದು ಕಾವಲು ಕಾದವು. ಕೊಡಗಿನ ವಾಲ್ನೂರು ಗಾಳಗಾರರಿಗೆ ಪರಿಚಿತ ಹೆಸರಾಯಿತು.

ನಿಜವಾದ ಬದಲಾವಣೆ ಆದದ್ದು ದಡದ ಊರುಗಳಲ್ಲಿ. ರಾತ್ರಿ ಮಡುವಿಗೆ ಮದ್ದು ಎಸೆದು, ತೇಲಿದ್ದನ್ನು ಬಾಚಿ ಸಂತೆಗೆ ಒಯ್ಯುತ್ತಿದ್ದವರಿಗೆ ಹಗಲಿನ ಕೆಲಸ ಸಿಕ್ಕಿತು. ಕೆಲವರು ಗಿಲ್ಲಿಗಳಾದರು, ಕೆಲವರು ಕಾವಲುಗಾರರಾದರು. ಕಳ್ಳಬೇಟೆಯ ದಾರಿಗಳೆಲ್ಲ ಅವರಿಗೆ ಗೊತ್ತಿದ್ದರಿಂದಲೇ ಅವರು ಒಳ್ಳೆಯ ಕಾವಲುಗಾರರಾದರು. ಮಡುವಿನ ದೊಡ್ಡ ಮೀನು ಸತ್ತರೆ ತಮ್ಮ ಮುಂದಿನ ವರ್ಷದ ಕೂಲಿಯೇ ಹೋಯಿತು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಿಬಿರದ ಪುಸ್ತಕ ಹೇಳಿದ್ದು

ಗಾಲಿಬೋರೆಯಲ್ಲಿ ಒಂದು ಅಭ್ಯಾಸವಿತ್ತು. ಸಂಜೆ ಶಿಬಿರಕ್ಕೆ ಮರಳಿದವರು ಎಷ್ಟು ಗಂಟೆ ಗಾಳ ಹಾಕಿದೆವು, ಯಾವ ಬಗೆಯ ಮಹಶೀರ್ ಸಿಕ್ಕಿತು, ತೂಕ ಎಷ್ಟು ಎಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಬರೆಯುವವರಿಗೆ ಅದು ಹೆಮ್ಮೆಯ ಸಾಲು.

1998ರಿಂದ 2012ರವರೆಗಿನ ಈ ಸಾಲುಗಳನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಒಟ್ಟುಗೂಡಿಸಿ ಓದಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನ ಎರಡು ಸತ್ಯಗಳನ್ನು ಮುಂದಿಟ್ಟಿತು. ಒಂದು ಸಮಾಧಾನದ್ದು, ಇನ್ನೊಂದು ಕರುಳು ಹಿಂಡುವಂಥದ್ದು.

ಕಾವಲಿದ್ದ ನೀರಿನಲ್ಲಿ ಮಹಶೀರ್‌ಗಳ ಒಟ್ಟು ಸಂಖ್ಯೆ ಏರಿತ್ತು. ಏರಿದ್ದು ಮಾತ್ರ ನೀಲಿ ರೆಕ್ಕೆಯ ಮಹಶೀರ್. ಅದರ ಸರಾಸರಿ ತೂಕ ಇಳಿಯುತ್ತಾ ಬಂದಿತ್ತು. ಅಂದರೆ ಮರಿಗಳು ಹುಟ್ಟಿ ಬೆಳೆಯುತ್ತಿದ್ದವು. ಕಾವೇರಿಯ ಸ್ವಂತ ಮೀನಾದ, ಕಿತ್ತಳೆ ಬಣ್ಣದ ರೆಕ್ಕೆಯ ಗೂನುಬೆನ್ನಿನ ಮಹಶೀರ್‌ನ ಕಥೆ ಇದಕ್ಕೆ ತಿರುಗುಮುರುಗು. ಅದು ಸಿಗುವುದು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿತ್ತು. ಸಿಕ್ಕಿದವು ಹೆಚ್ಚೆಚ್ಚು ಭಾರವಾಗಿದ್ದವು. ಮುದಿ ಮೀನುಗಳು ಉಳಿದಿವೆ, ಮರಿಗಳು ಬರುತ್ತಿಲ್ಲ ಎಂದು ಅದರ ಅರ್ಥ. ಕಂಬಳಿ ನೇಯುವವರ ಮನೆಯಲ್ಲಿ ಅಜ್ಜಂದಿರು ಮಾತ್ರ ಮಗ್ಗದ ಮೇಲಿದ್ದರೆ ಆ ಕಸುಬಿಗೆ ಎಷ್ಟು ವರ್ಷ ಬಾಳಿಕೆ?

ನೀಲಿ ರೆಕ್ಕೆಯ ಮೀನು ಈ ನದಿಗೆ ಹೊರಗಿನದು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಿಂದ ಬಂದ ಸಂತತಿಯನ್ನು ಮೀನು ಹೆಚ್ಚಲಿ ಎಂಬ ಸದುದ್ದೇಶದಿಂದಲೇ ಇಲ್ಲಿ ಬಿಡಲಾಗಿತ್ತು. ಮಹಶೀರ್ ಎಂದರೆ ಎಲ್ಲವೂ ಒಂದೇ ಎಂದುಕೊಂಡದ್ದರ ಫಲ ಇದು. ಸಿಡಿಮದ್ದಿನಿಂದ ಮೀನನ್ನು ಉಳಿಸಲು ಗಾಳಗಾರರ ಹಣ ಸಾಕಾಯಿತು. ಯಾವ ಮೀನು ಯಾವ ನದಿಯದು ಎಂಬ ಅರಿವನ್ನು ಆ ಹಣವೊಂದೇ ತಂದುಕೊಡಲಿಲ್ಲ.

ಆದರೂ ಆ ಪುಸ್ತಕ ಇಲ್ಲದಿದ್ದರೆ ಈ ದುರಂತ ಗೊತ್ತೇ ಆಗುತ್ತಿರಲಿಲ್ಲ. ಹದಿನಾಲ್ಕು-ಹದಿನೈದು ವರ್ಷಗಳ ಸಮೀಕ್ಷೆಯನ್ನು ಯಾವ ಇಲಾಖೆಯೂ ನಡೆಸಿರಲಿಲ್ಲ. ಗಾಳಗಾರರು ತಮ್ಮದೇ ಖರ್ಚಿನಲ್ಲಿ ನಡೆಸಿಕೊಟ್ಟಿದ್ದರು. 2018ರಲ್ಲಿ ವಿಜ್ಞಾನಿಗಳು ಗೂನುಬೆನ್ನಿನ ಮಹಶೀರ್ ಮತ್ತು ಕೇರಳದ ಪಾಂಬಾರ್ ನದಿಯಿಂದ ಹಿಂದೆ ವರ್ಣಿತವಾಗಿದ್ದ ಟಾರ್ ರೆಮಾದೇವಿ ಒಂದೇ ಎಂದು ಖಚಿತಪಡಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಅದನ್ನು ತೀವ್ರ ಅಳಿವಿನಂಚಿನ ಜೀವಿ ಎಂದು ಸಾರಿತು. ಒಂದೂವರೆ ಶತಮಾನದಿಂದ ಗಾಳಗಾರರು ಕೊಂಡಾಡಿದ ಮೀನಿಗೆ ವಿಜ್ಞಾನದ ಖಚಿತ ಗುರುತು ದಕ್ಕಿದ್ದು ಅದು ಕಣ್ಮರೆಯಾಗುವ ಹೊತ್ತಿನಲ್ಲಿ.

ನಿಷೇಧದ ಎರಡು ಮುಖ

ಕಾವೇರಿ ವನ್ಯಜೀವಿಧಾಮ ಘೋಷಣೆಯಾದದ್ದು 1987ರಲ್ಲಿ. ಅಭಯಾರಣ್ಯದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಹೊಂದುವುದಿಲ್ಲ ಎಂಬ ವ್ಯಾಖ್ಯಾನ 2010ರ ಹೊತ್ತಿಗೆ ಮುಂದೆ ಬಂತು. ಒಂದೆರಡು ವರ್ಷಗಳಲ್ಲಿ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತಿತು.

ಆ ನಿರ್ಧಾರದ ಹಿಂದಿನ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಅಭಯಾರಣ್ಯವೆಂದರೆ ಪ್ರಾಣಿಗೆ ಅಭಯ ಸಿಗುವ ಜಾಗ. ಬಿಟ್ಟರೂ ಗಾಳ ಗಾಳವೇ: ಬಾಯಿ ಗಾಯವಾಗುತ್ತದೆ, ಹೆಚ್ಚು ಹೊತ್ತು ಸೆಣಸಿದ ಮೀನು ತೀರಾ ದಣಿಯುತ್ತದೆ, ನೀರಿನಿಂದ ಹೊರಗೆ ಕಳೆದ ಒಂದೊಂದು ನಿಮಿಷವೂ ಅದಕ್ಕೆ ಅಪಾಯ. ಇದಕ್ಕಿಂತ ಚುಚ್ಚುವ ಪ್ರಶ್ನೆಯೊಂದಿದೆ. ಸಾರಿಗೆಂದು ನಾಲ್ಕು ಮೀನು ಹಿಡಿಯುವ ದಡದ ಬಡವ ಕಳ್ಳನೆನಿಸಿಕೊಂಡು, ಆಟಕ್ಕೆ ಹಿಡಿಯುವ ಶ್ರೀಮಂತ ಅತಿಥಿಯಾಗುವುದು ಯಾವ ನ್ಯಾಯ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಿತ್ತು. ನಿಷೇಧ ಆ ಹುಡುಕಾಟವನ್ನೇ ನಿಲ್ಲಿಸಿತು. ಶಿಬಿರಗಳು ಉಳಿದವು, ಪ್ರವಾಸಿಗಳೂ ಬರುತ್ತಾರೆ. ಭೀಮೇಶ್ವರಿಯಲ್ಲಿ ಈಗ ಕಯಾಕ್ ನಡೆಸಬಹುದು, ತಂತಿಗೆ ಜೋತು ಜಾರಬಹುದು. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದ ಈ ಜಾಗಕ್ಕೆ ವಾರಾಂತ್ಯದ ಹಣ ಹರಿದು ಬರುತ್ತಿದೆ. ಆದರೆ ನೀರಿನ ಮೇಲೆ ಆಡಿ ಹೋಗುವವನಿಗೆ ನೀರಿನ ಒಳಗೆ ಏನಿದೆ ಎಂಬುದು ಬೇಕಿಲ್ಲ. ಮಡುವಿನಲ್ಲಿ ಮೀನು ಇಲ್ಲದಿದ್ದರೂ ಅವನ ಕಯಾಕ್ ತೇಲುತ್ತದೆ. ಮೀನು ಕಡಿಮೆಯಾಯಿತೆಂದು ಗೋಳಾಡುವ ಗಿರಾಕಿಯನ್ನು ನದಿ ಕಳೆದುಕೊಂಡಿತು. ನಷ್ಟಗಳಲ್ಲೆಲ್ಲ ದೊಡ್ಡದು ಇದೇ.

> ಮಂಡಕ್ಕಿಯ ಕಾವಲು
>
> ಮೀನು ನೋಡಲೆಂದು ಹಣ ಖರ್ಚು ಮಾಡುವ ರೂಢಿ ನಮ್ಮಲ್ಲಿ ಹಳೆಯದು. ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ ಭಕ್ತರು ಮಂಡಕ್ಕಿ ಚೆಲ್ಲಿ ದೇವರ ಮೀನುಗಳನ್ನು ನೋಡುತ್ತಾರೆ. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ದೇವಸ್ಥಾನದ ರಕ್ಷೆಯಿದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ನದಿಯಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದಾಗ ಊರವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ಮೀನಿನ ಮೇಲೆ ಊರಿನ ಮಮಕಾರ ಇರುವಲ್ಲಿ ಕಾವಲು ತಾನಾಗಿ ಹುಟ್ಟುತ್ತದೆ.

ತೆರಿಗೆ ಇರಲಿ ಎಂದವರು

ಗಾಳಗಾರನ ಖರ್ಚನ್ನು ನದಿಗೆ ತಿರುಗಿಸುವ ಉಪಾಯವನ್ನು ಅಮೆರಿಕ 1950ರಲ್ಲೇ ಕಂಡುಕೊಂಡಿತು. ಡಿಂಗೆಲ್–ಜಾನ್ಸನ್ ಕಾಯ್ದೆ ಎಂದು ಪ್ರಸಿದ್ಧವಾದ ಆ ಕಾನೂನು ಗಾಳದ ಕೋಲು, ರೀಲು ಮುಂತಾದ ಸಲಕರಣೆಗಳ ಮೇಲೆ ತಯಾರಕರ ಮಟ್ಟದಲ್ಲಿದ್ದ ಶೇ 10ರ ಸುಂಕವನ್ನು ಮೀನಿಗಾಗಿಯೇ ಮೀಸಲಿಟ್ಟಿತು. ಸಂಗ್ರಹವಾದ ಹಣ ಸರ್ಕಾರದ ಸಾಮಾನ್ಯ ಬೊಕ್ಕಸದಲ್ಲಿ ಕರಗುವುದಿಲ್ಲ. ಮೀನಿನ ನೆಲೆ ಸುಧಾರಣೆ, ಸಂಶೋಧನೆಯಂಥ ಕೆಲಸಗಳಿಗೆಂದೇ ರಾಜ್ಯಗಳಿಗೆ ಹೋಗುತ್ತದೆ. ಹಂಚಿಕೆಯ ಸೂತ್ರವೂ ಸ್ಪಷ್ಟ: ಶೇ 40 ರಾಜ್ಯದ ವಿಸ್ತೀರ್ಣ ನೋಡಿ, ಶೇ 60 ಪರವಾನಗಿ ಪಡೆದ ಗಾಳಗಾರರ ಸಂಖ್ಯೆ ನೋಡಿ. ಪರವಾನಗಿ ಶುಲ್ಕವನ್ನು ಬೇರೆ ಬಾಬಿಗೆ ತಿರುಗಿಸಿದ ರಾಜ್ಯಕ್ಕೆ ಈ ಪಾಲು ಇಲ್ಲ.

ಅಂಗಡಿಯಲ್ಲೇ ಉಳಿದುಬಿಡುತ್ತಿದ್ದ ಸಲಕರಣೆಯ ಹಣಕ್ಕೆ ಹೊಳೆಯ ದಾರಿ ತೋರಿದ್ದು ಈ ಕಾನೂನಿನ ಜಾಣ್ಮೆ. ಅದಕ್ಕೆ ಬೆಂಬಲ ಕೊಟ್ಟವರಲ್ಲಿ ಗಾಳಗಾರರೇ ಮುಂದಿದ್ದರು. ತಮ್ಮ ಮೇಲಿನ ತೆರಿಗೆ ಇರಲಿ ಎಂದು ತಾವೇ ಹೇಳುವುದು ಅಪರೂಪದ ಸಂಗತಿ.

ಕೆರಿಬಿಯನ್ ತೀರದ ಪುಟ್ಟ ದೇಶ ಬೆಲೀಜ್ ಇನ್ನೊಂದು ದಾರಿ ಹಿಡಿಯಿತು. ಬೋನ್‌ಫಿಶ್, ಟಾರ್ಪನ್, ಪರ್ಮಿಟ್ ಎಂಬ ಮೂರು ಮೀನುಗಳನ್ನು ಹಿಡಿದರೂ ಬಿಡಲೇಬೇಕೆಂದು 2009ರಲ್ಲಿ ಕಾನೂನು ಮಾಡಿತು. ಅಲ್ಲಿಯೂ ಬಲೆ ಬೀಸುತ್ತಿದ್ದ ಹಲವರು ಪ್ರವಾಸಿಗರ ಮಾರ್ಗದರ್ಶಕರಾದರು.

ನಾವೇನು ಮಾಡಬಹುದು?

ಗಾಳದ ಹವ್ಯಾಸ ನಮ್ಮಲ್ಲಿ ಸತ್ತಿಲ್ಲ. ಮಂಗಳೂರು, ಮಲ್ಪೆ, ಕಾರವಾರದ ಅಳಿವೆಗಳ ಕಲ್ಲುಕಟ್ಟೆಗಳ ಮೇಲೆ ಸಂಜೆ ಹೊತ್ತು ಕೋಲು ಹಿಡಿದ ಯುವಕರು ಸಾಲಾಗಿ ನಿಂತಿರುತ್ತಾರೆ. ಬೆಂಗಳೂರಿನ ಸುತ್ತ ಹಣ ಕೊಟ್ಟು ಗಾಳ ಹಾಕುವ ಹೊಂಡಗಳಿವೆ. ಕೈಯಲ್ಲಿ ಕಾಸಿದ್ದವರು ದೊಡ್ಡ ಸಮುದ್ರ ಮೀನಿನ ಆಸೆಗೆ ಅಂಡಮಾನಿಗೆ ಹಾರುತ್ತಾರೆ. ಹಣ ಹರಿಯುತ್ತಲೇ ಇದೆ, ನದಿಯನ್ನು ಬಿಟ್ಟು ಪಕ್ಕಕ್ಕೆ.

ಅಭಯಾರಣ್ಯದೊಳಗೆ ಗಾಳ ಬೇಡ ಎಂಬುದು ತೀರ್ಮಾನವಾದರೆ ಅದು ಹಾಗೆಯೇ ಇರಲಿ. ಕಾವೇರಿ, ಹೇಮಾವತಿ, ತುಂಗಭದ್ರೆಗಳ ಬಹುಭಾಗ ಅಭಯಾರಣ್ಯದ ಹೊರಗೇ ಹರಿಯುತ್ತದೆ. ಅಲ್ಲಿ ಮೀನಿಗೆ ಇವತ್ತಿಗೂ ಸರಿಯಾದ ಕಾವಲಿಲ್ಲ. ಅಂಥ ಕಡೆ ಆಯ್ದ ಮಡುಗಳನ್ನು ದಡದ ಊರಿನ ಮೀನುಗಾರರ ಸಹಕಾರ ಸಂಘದ ಸುಪರ್ದಿಗೆ ಕೊಡಬಹುದು. ರಾಜ್ಯದಲ್ಲಿ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ, ಪರವಾನಗಿಯ ಕಲ್ಪನೆ ಅದಕ್ಕೆ ಹೊಸದಲ್ಲ.

ನಿಯಮ ಮಾತ್ರ ಕಟ್ಟುನಿಟ್ಟಾಗಿರಬೇಕು. ಮುಂಗಾರಿನಲ್ಲಿ, ಮಹಶೀರ್ ಮೊಟ್ಟೆಯಿಡುವ ಕಾಲದಲ್ಲಿ, ಗಾಳ ಪೂರ್ತಿ ಬಂದ್. ಮುಳ್ಳಿಲ್ಲದ ಗಾಳ ಮಾತ್ರ ಬಳಸಬೇಕು. ಒದ್ದೆ ಕೈಯಲ್ಲಿ, ನೀರಿನಲ್ಲೇ ಇಟ್ಟು ಬಿಡಿಸಬೇಕು. ಹೊರಗಿನ ತಳಿಯ ಒಂದು ಮರಿಯನ್ನೂ ಬಿಡಬಾರದು. ಪ್ರತಿ ಗಂಟೆಯ, ಪ್ರತಿ ಮೀನಿನ ಲೆಕ್ಕ ಬರೆದು ವಿಜ್ಞಾನಿಗಳಿಗೂ ಸಾರ್ವಜನಿಕರಿಗೂ ತೆರೆದಿಡಬೇಕು. ಮನೆಸಾರಿಗೆಂದು ಕೈಗಾಳ ಹಾಕುವ ದಡದವರ ಹಕ್ಕು ಅತಿಥಿಯ ಆಟಕ್ಕಾಗಿ ಮೊಟಕಾಗಬಾರದು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಹಣದ ಏರ್ಪಾಡು. ಪರವಾನಗಿಯ ಪ್ರತಿ ರೂಪಾಯಿಗೂ ಪ್ರತ್ಯೇಕ ಖಾತೆ ಬೇಕು. ಅದರಿಂದ ಕಾವಲುಗಾರನ ಸಂಬಳ, ಸಂಘದ ಪಾಲು, ಮೀನಿನ ಸಮೀಕ್ಷೆ ನಡೆಯಬೇಕು. ಆ ಖಾತೆಯ ಲೆಕ್ಕ ವರ್ಷಕ್ಕೊಮ್ಮೆ ಗ್ರಾಮಸಭೆಯ ಮುಂದೆ ಬರಬೇಕು. ಹವ್ಯಾಸಕ್ಕೆ ಜನ ಖರ್ಚು ಮಾಡುತ್ತಾರೆ. ಯಾವ ಕಾನೂನೂ ಅದನ್ನು ತಡೆದಿಲ್ಲ, ತಡೆಯುವುದೂ ಇಲ್ಲ. ಆ ಖರ್ಚು ನಗರದ ಅಂಗಡಿಯಲ್ಲೇ ಮುಗಿಯಬೇಕೋ, ನದಿ ಕಾಯುವವನ ಮನೆಗೂ ತಲುಪಬೇಕೋ ಎಂಬುದನ್ನು ನಿರ್ಧರಿಸುವುದು ನಮ್ಮ ಕೈಯಲ್ಲಿದೆ. ಗೂನುಬೆನ್ನಿನ ಮಹಶೀರ್‌ಗೆ ಈ ನಿರ್ಧಾರಕ್ಕಾಗಿ ಕಾಯುವಷ್ಟು ಕಾಲ ಉಳಿದಿಲ್ಲ.